ಎಲ್ಗಮ್ಮನವರ ಹಬ್ಬದ ಬಿಸಿರಸ

ನಾನು ಹುಟ್ಟಿ ಬೆಳೆದ ಮನೆಯಲ್ಲಿ ನಮ್ಮ ತಲೆಯ ಮೇಲೆ ಸದಾ ತೆಂಗಿನಕಾಯಿಗಳಿರುತ್ತಿದ್ದವು. ತಿಪಟೂರಿನ ಪೇಟೆಯಲ್ಲಿ ಮೂಟೆಗಟ್ಟಲೆ ಕೊಬ್ಬರಿ ಮೊಮ್ಮಕ್ಕಳಾದ ನೀವು ನೋಡಿದ್ದೀರಿ, ಅದು ಆಗುವ ಬಗೆ ನೋಡಿಲ್ಲ. ಕಾಯನ್ನು ಒಡೆದು ಬಿಸಿಲಿಗೆ ಹರಡುವುದು ನಮ್ಮ ಕಡೆಯ ಪದ್ಧತಿಯಲ್ಲ. ಮೇಲಿನ ನಾರಿನ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ, ಹೆಚ್ಚುಕಡಿಮೆ ಒಂದು ವರ್ಷ ಅದರ ಪಾಡಿಗೆ ಬಿಡುತ್ತಿದ್ದರು. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಅಲ್ಲಿಯವರೆಗೆ ಕೆಳಗೆ ಒಲೆ ಉರಿಯುತ್ತಲೇ ಇರಬೇಕು. ನಡುಮನೆಗೂ ಅಡುಗೆ ಕೋಣೆಗೂ ಸೇರಿದಂತೆ ಮೇಲೆ ಒಂದೇ ಅಟ್ಟ. ಬಿದಿರಿನ ಗಳಗಳ ಸಂದಿಯಿಂದ ಹೊಗೆ ಮೇಲೇರುತ್ತಿತ್ತು, ಮಟ್ಟೆಯ ಧೂಳು ಕೆಳಗಿಳಿಯುತ್ತಿತ್ತು. ಊಟದ ತಟ್ಟೆಯ ಮೇಲೆ ಅಂಗೈ ಮುಚ್ಚಿಕೊಂಡು ಉಣ್ಣುವ ಅಭ್ಯಾಸ ನನಗೆ ಇವತ್ತಿಗೂ ಹೋಗಿಲ್ಲ, ಅದಕ್ಕೆ ನೀವು ನಗುತ್ತೀರಿ. ಆ ಅಟ್ಟದಲ್ಲಿ ಕೊಬ್ಬರಿಯೊಂದೇ ಅಲ್ಲ, ಕೆಡಬಾರದು, ಕಳೆಯಬಾರದು ಎನ್ನುವುದೆಲ್ಲ ಇರುತ್ತಿತ್ತು. ಬಿತ್ತನೆ ರಾಗಿ, ಹುಣಸೆಹಣ್ಣಿನ ಮಡಕೆ, ಬಾಣಂತಿಯರಿಗೆ ಎತ್ತಿಟ್ಟ ಬೆಲ್ಲ. ಬೆಲೆಬಾಳುವುದು ಏನು ಸಿಕ್ಕಿದರೂ ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಹೇಳುತ್ತಿದ್ದುದು ಒಂದೇ ಮಾತು: ‘ಅಟ್ಟಕ್ಕಾಕು.’

ಆ ಮನೆಯ ಕೆಲಸ ಮುಗಿಯುವಂಥದ್ದಾಗಿರಲಿಲ್ಲ. ಅಮ್ಮ ಕೋಳಿ ಕೂಗುವ ಮೊದಲೇ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದಳು. ಕಾಯಿ ಸುಲಿಯುವ ಆಳುಗಳಿಗೆ ಮುದ್ದೆ, ಅಜ್ಜಿಗೆ ಬಿಸಿನೀರು, ನನಗೂ ನನ್ನ ಪುಟ್ಟ ತಂಗಿ ನೀಲಳಿಗೂ ತಲೆ ಬಾಚುವುದು, ಸಂಜೆ ಮತ್ತೆ ಹಾಲು ಕರೆಯುವುದು. ಇಷ್ಟೇ ಆಗಿದ್ದರೆ ಅವಳು ಅಷ್ಟು ದಣಿಯುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಕೆಲಸದ ದಣಿವು ಮಲಗಿದರೆ ಹೋಗುತ್ತದೆ. ಅವಳದು ಕಾಯುವ ದಣಿವು. ಅಪ್ಪ ಸಾರಾಯಿ ಕುಡಿಯುತ್ತಿದ್ದರು. ಇದನ್ನು ನಾನು ನಿಮ್ಮ ತಾಯ್ತಂದೆಯರಿಗೂ ಬಿಡಿಸಿ ಹೇಳಿಲ್ಲ. ಲಿಂಗ ಕಟ್ಟಿಕೊಂಡ ಮನೆತನ ನಮ್ಮದು. ಕುಡಿಯುವ ದಿನ ಅಪ್ಪ ಕೊರಳಿನ ಲಿಂಗದ ಕರಡಿಗೆಯನ್ನು ಬಿಚ್ಚಿ ದೇವರ ಗೂಡಿನಲ್ಲಿಟ್ಟು ಶೆಟ್ಟಿಕೆರೆ ಸಂತೆಗೆ ಹೋಗುತ್ತಿದ್ದರು. ಗೂಡಿನಲ್ಲಿ ಆ ಬೆಳ್ಳಿ ಕರಡಿಗೆ ಕಂಡರೆ ಸಂಜೆ ಏನಾಗುತ್ತದೆ ಎನ್ನುವುದು ಅಮ್ಮನಿಗೆ ಬೆಳಿಗ್ಗೆಯೇ ತಿಳಿಯುತ್ತಿತ್ತು. ಹೊಡೆತ ಬಡಿತ ಇತ್ತೇ ಎಂದು ಕೇಳಬೇಡಿ. ಇತ್ತು. ಕೊನೆಗೆ ಒಂದು ದಿನ ಅಮ್ಮ ಟ್ರಂಕಿಗೆ ನಮ್ಮ ಬಟ್ಟೆ ತುಂಬಿ, ತುರುವೇಕೆರೆ ಕಡೆಯ ತನ್ನ ತವರಿಗೆ ಹೊರಟು ನಿಂತಳು. ಅಪ್ಪ ಮಠದ ಅಯ್ಯನವರನ್ನು ಮನೆಗೆ ಕರೆಸಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದರು. ಅಮ್ಮ ಟ್ರಂಕನ್ನು ಒಳಗಿಟ್ಟಳು. ಇಡುವಾಗ ಎಲ್ಲರಿಗೂ ಕೇಳಿಸುವಂತೆ ಒಂದು ಮಾತು ಹೇಳಿದಳು.

‘ಇನ್ನೊಂದ್ಸಲ ಅಂತ ಆದ್ರೆ ಹೇಳಿ ಹೋಗಲ್ಲ ಕಣ್ರೀ. ಹೋದ್ಮೇಲೆ ಕರಿಯಕ್ಕೂ ಬರಬ್ಯಾಡಿ.’

ಆಮೇಲೆ ಅಪ್ಪ ಕುಡಿಯಲಿಲ್ಲ. ಆದರೆ ಸಂಜೆ ಅವರು ತೋಟದಿಂದ ಬಂದು ಜಗಲಿ ಹತ್ತಿದೊಡನೆ, ಅಮ್ಮ ಕೈಯಲ್ಲಿದ್ದುದನ್ನೆಲ್ಲ ಬಿಟ್ಟು ಹೋಗಿ ಅವರ ಹೆಗಲ ಮೇಲಿನ ಟವೆಲನ್ನು ಇಸಿದುಕೊಳ್ಳುತ್ತಿದ್ದಳು. ಇಸಿದುಕೊಳ್ಳುವಾಗ ಹತ್ತಿರ ನಿಂತು ಒಂದು ಉಸಿರು ಎಳೆದುಕೊಳ್ಳುತ್ತಿದ್ದಳು. ಯಾಕೆಂದು ಅಪ್ಪನಿಗೆ ಗೊತ್ತಿತ್ತು. ಅಪ್ಪನಿಗೆ ಗೊತ್ತಿದೆ ಎಂದು ಅಮ್ಮನಿಗೂ ಗೊತ್ತಿತ್ತು. ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಪಕ್ಕದ ಮನೆಯಲ್ಲಿದ್ದ ದೊಡ್ಡಪ್ಪ, ಅಪ್ಪನ ಅಣ್ಣ, ಮಾತ್ರ ಬಿಡುತ್ತಿರಲಿಲ್ಲ. ‘ಎಷ್ಟು ದಿನ ಅಂತ ನೋಡನ ಬುಡು’ ಎಂದು ಬಾಗಿಲಲ್ಲೇ ನಿಂತು ನಗುತ್ತಿದ್ದರು.

ಈ ಮನೆಯ ಮುಂದಿನ ಕೋಣೆಗೆ ಎಲ್ಗಮ್ಮನವರು ಬಂದರು. ಅವರ ನಿಜವಾದ ಹೆಸರು ಹೆಲ್ಗಾ. ಜರ್ಮನಿಯವರು, ಸೂಲಗಿತ್ತಿ ಕೆಲಸ ಓದಿಕೊಂಡಿದ್ದ ನರ್ಸಮ್ಮ. ಊರಾಚೆ ಯಾರೋ ಪುಣ್ಯವಂತರು ನಡೆಸುತ್ತಿದ್ದ ಒಂದು ಸಣ್ಣ ಹೆರಿಗೆ ಆಸ್ಪತ್ರೆಗೆ ಬಂದವರು, ಉಳಿಯಲು ಬೇರೆ ಜಾಗವಿಲ್ಲದೆ ನಮ್ಮಲ್ಲಿದ್ದರು. ಮಾಂಸ ಬೇಯಿಸಬಾರದು, ಹೆಂಡ ತರಬಾರದು ಎಂದು ಅಜ್ಜಿ ಮೊದಲ ದಿನವೇ ಹೇಳಿದ್ದಳು. ಎರಡನ್ನೂ ಅವರು ಮೀರಲಿಲ್ಲ. ಬಿಳಿಯವರೆಲ್ಲ ಇಂಗ್ಲಿಷ್ ಆಡುತ್ತಾರೆಂದು ನಾವು ತಿಳಿದಿದ್ದೆವು. ಎಲ್ಗಮ್ಮನವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವರು ಓದುವ ವಯಸ್ಸಿನಲ್ಲಿ ಅವರ ದೇಶದಲ್ಲಿ ಯುದ್ಧ ನಡೆದು ಶಾಲೆಯ ಛಾವಣಿಯೇ ಹೋಗಿತ್ತಂತೆ. ಕನ್ನಡವನ್ನು ಮಾತ್ರ ಹೆರಿಗೆ ಮನೆಯಲ್ಲಿ ಹೆಂಗಸರ ಬಾಯಿಂದಲೇ ಕಲಿತಿದ್ದರು. ಅವರಿಗೆ ಮೊದಲು ಬಂದ ಕನ್ನಡ, ‘ಇನ್ನೊಂದೀಟು ತಿಣುಕು ತಾಯಿ, ಆತು, ಆತು.’ ಹಾಗಾಗಿ ಅವರ ಮಾತು ನಮ್ಮ ಅಜ್ಜಿಯ ಮಾತಿನ ಹಾಗೇ ಇತ್ತು, ನಾಲಗೆ ಮಾತ್ರ ಸ್ವಲ್ಪ ದಪ್ಪ.

ಅದು ಡಿಸೆಂಬರಿನ ಚಳಿಗಾಲ. ಬೆಳಿಗ್ಗೆ ತೋಟದೊಳಗೆ ಮಂಜು ಕವಿದು ತೆಂಗಿನ ಸುಳಿ ಕಾಣುತ್ತಿರಲಿಲ್ಲ. ಎಲ್ಗಮ್ಮನವರು ಒಂದು ಬುಟ್ಟಿ ಕಪ್ಪು ದ್ರಾಕ್ಷಿ ತರಿಸಿಕೊಂಡು ಅಡುಗೆ ಕೋಣೆಯ ಹೊಸಿಲಲ್ಲಿ ಕೂತರು. ಆಸ್ಪತ್ರೆಗೆ ನೆರವು ಕೊಡುವ ಗಂಡ ಹೆಂಡತಿ ಇಂಗ್ಲೆಂಡಿನಿಂದ ಬರುವವರಿದ್ದರು. ಅವರಿಗೆ ತಮ್ಮ ದೇಶದಲ್ಲಿ ಕ್ರಿಸ್‌ಮಸ್ ಹಬ್ಬಕ್ಕೆ ಕುಡಿಯುವ ಬಿಸಿರಸ ಮಾಡಿ ಕೊಡಬೇಕೆಂದು ಎಲ್ಗಮ್ಮನವರ ಆಸೆ.

‘ಏನೇನು ಹಾಕ್ತೀರ ಎಲ್ಗಮ್ಮ?’ ಎಂದಳು ಅಮ್ಮ.

‘ಲವಂಗ, ಚಕ್ಕೆ, ಕಿತ್ತಳೆ ಸಿಪ್ಪೆ, ಸಕ್ಕರೆ. ನಮ್ಮೂರಾಗೆ ದ್ರಾಕ್ಷಿ ಹೆಂಡಕ್ಕೆ ಹಾಕಿ ಕಾಯಿಸ್ತಾರೆ ಗಿರಿಜಮ್ಮ.’

ಅಮ್ಮನ ಕೈ ಮೊರದ ಮೇಲೆ ನಿಂತಿತು.

‘ಇಲ್ಲಿ ಹೆಂಡ ಇಲ್ಲ ತಾಯಿ. ಬರೀ ಹಣ್ಣಿನ ರಸ. ಯುದ್ಧ ಮುಗಿದ ವರ್ಷ ಹೆಂಡ ಎಲ್ಲೈತೆ, ನಮ್ಮವ್ವ ಹಣ್ಣಿನ ರಸಕ್ಕೆ ಒಂದೇ ಒಂದು ಲವಂಗ ಹಾಕಿ ಕೊಟ್ಟಿದ್ಲು. ನಂಗೆ ಅದೇ ನೆಪ್ಪು.’

ಅಮ್ಮ ದ್ರಾಕ್ಷಿ ಕಿವುಚಲು ಕೂತಳು. ಸಕ್ಕರೆ ಯಾಕೆ, ಬೆಲ್ಲ ಇದೆ ಎಂದಳು. ಕಾಯಿಸುವಾಗ ಹಾಕಿದರಾಯಿತು ಎಂದರು ಎಲ್ಗಮ್ಮ. ರಸವನ್ನು ಗಡಿಗೆಗೆ ಸೋಸಿ ಬಾಯಿಗೆ ಬಟ್ಟೆ ಕಟ್ಟುವಷ್ಟರಲ್ಲಿ ಆಸ್ಪತ್ರೆಯ ಆಯಾ ಓಡಿ ಬಂದಳು. ಹುಳಿಯಾರು ಕಡೆಯ ಹಳ್ಳಿಯೊಂದರಲ್ಲಿ ಯಾರಿಗೋ ಕಷ್ಟದ ಹೆರಿಗೆ. ಎಲ್ಗಮ್ಮ ಕೈ ತೊಳೆದು ಚೀಲ ಹಿಡಿದುಕೊಂಡು ಹೊರಟರು. ‘ನಾಳಿಕ್ಕೆ ಬತ್ತೀನಿ, ಜ್ವಾಪಾನ’ ಎಂದು ಗಡಿಗೆ ತೋರಿಸಿದರು. ಗಡಿಗೆಯ ಸುತ್ತ ಆಗಲೇ ಇರುವೆ ಹತ್ತತೊಡಗಿದ್ದವು. ಅಜ್ಜಿ ತನ್ನ ಎಂದಿನ ಮಾತನ್ನೇ ಹೇಳಿದಳು. ಒಲೆಯ ನೇರಕ್ಕೆ, ಕಾಯಿಗಳ ನಡುವೆ, ಗಡಿಗೆ ಬೆಚ್ಚಗೆ ಕೂತುಕೊಂಡಿತು.

ನಾಳೆ ಎಂದವರು ಒಂದು ವಾರವಾದರೂ ಬರಲಿಲ್ಲ. ತಾಯಿಗೆ ಜ್ವರ ಬಂದು ಅಲ್ಲೇ ಉಳಿಯಬೇಕಾಯಿತೆಂದು ಹೇಳಿಕಳಿಸಿದ್ದರು. ಕೊನೆಗೆ ಬಂದದ್ದು ಆ ಇಂಗ್ಲೆಂಡಿನವರ ಜೀಪಿನಲ್ಲೇ, ದೀಪ ಹಚ್ಚುವ ಹೊತ್ತಿಗೆ. ಬಂದವರು ಪಡಸಾಲೆಯ ಚಾಪೆಯ ಮೇಲೆ ಕಷ್ಟಪಟ್ಟು ಕಾಲು ಮಡಿಸಿ ಕೂತರು. ಎಲ್ಗಮ್ಮನವರು ಅವರನ್ನು ಬಿಟ್ಟು ಒಳಗೆ ಬರಲಾಗದೆ, ಕೂತಲ್ಲಿಂದಲೇ ಹೀಗೆ ಮಾಡು, ಹಾಗೆ ಮಾಡು ಎಂದು ಅಮ್ಮನಿಗೆ ಹೇಳಿದರು. ಅಮ್ಮ ಗಡಿಗೆ ಇಳಿಸಿದಳು. ಮೇಲೆ ನೊರೆ ಕಟ್ಟಿತ್ತು. ಅದು ಹಾಗೇ ಇರುವ ಪದಾರ್ಥವೇನೋ ಎಂದು ಸೋಸಿ, ಬೆಲ್ಲ, ಲವಂಗ, ಚಕ್ಕೆ, ಕಿತ್ತಳೆ ಸಿಪ್ಪೆ ಹಾಕಿ ಒಲೆಯ ಮೇಲಿಟ್ಟಳು. ಹಸಿ ಮಟ್ಟೆಯ ಹೊಗೆಯಲ್ಲಿ ಕಣ್ಣೂ ಮೂಗೂ ಸುರಿಯುತ್ತಿದ್ದವಳಿಗೆ ಲವಂಗ ಬಿಟ್ಟು ಬೇರೆ ಯಾವ ವಾಸನೆಯೂ ತಿಳಿಯಲಿಲ್ಲ. ಲೋಟಗಳಿಗೆ ಬಗ್ಗಿಸಿದಳು. ಬಂದವರಿಗೆ, ಎಲ್ಗಮ್ಮನಿಗೆ, ಅಜ್ಜಿಗೆ, ಬಿಳಿಯರನ್ನು ನೋಡಲೆಂದು ಬಂದು ಗೋಡೆಗೊರಗಿ ಕೂತಿದ್ದ ದೊಡ್ಡಪ್ಪನಿಗೆ, ನೀಲಳಿಗೆ, ನನಗೆ. ಅಪ್ಪ ತೋಟದಿಂದ ಬಂದು, ಮಿಂದು, ವಿಭೂತಿ ಹಚ್ಚಿಕೊಂಡು ಬಂದು ಕೂತಾಗ ತಪ್ಪಲೆಯ ತಳ ಕಂಡಿತ್ತು. ಅವರಿಗೆ ಅರ್ಧ ಲೋಟವಾಯಿತು. ಅಮ್ಮ ಅದನ್ನು ತಾನೇ ತಂದು ಅವರ ಕೈಗೆ ಕೊಟ್ಟು ಹೋಗಿ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತಳು.

ಆಗ ತೊಂದರೆ ಶುರುವಾಯಿತು. ಬಂದ ಹೆಂಗಸು ಏನೋ ಕೇಳಿದಳು. ಎಲ್ಗಮ್ಮನವರು ಅರ್ಧ ವಾಕ್ಯ ಇಂಗ್ಲಿಷಿನಲ್ಲಿ ಹೇಳಿ, ತಡವರಿಸಿ, ನನ್ನ ಕಡೆ ತಿರುಗಿದರು.

‘ಬಾ ಮಗಾ ಇಲ್ಲಿ. ನೀನು ಸ್ಕೂಲಾಗೆ ಕಲ್ತಿದೀಯಲ್ಲ. ನಾನು ಕನ್ನಡದಾಗೆ ಹೇಳ್ತೀನಿ, ನೀನು ಅವರ್ಗೆ ಹೇಳು.’

ನಮ್ಮೂರ ಶಾಲೆಯ ಇಂಗ್ಲಿಷ್ ಅಂದರೆ ಮೇಷ್ಟ್ರು ಹೇಳಿದ್ದನ್ನು ಒಟ್ಟಾಗಿ ಕೂಗುವುದು. ಒಬ್ಬಳೇ ನಿಂತು ಯಾರಿಗೂ ಹೇಳಿದವಳಲ್ಲ. ಇಂಗ್ಲಿಷ್ ಇರಲಿ, ಕನ್ನಡದಲ್ಲೂ ಹತ್ತು ಜನರ ಮುಂದೆ ನಾನು ಬಾಯಿ ಬಿಟ್ಟವಳಲ್ಲ. ಎದ್ದು ಓಡಿಹೋಗುತ್ತಿದ್ದೆ, ಅಪ್ಪ ನನ್ನನ್ನು ನೋಡಿ ತಲೆಯಾಡಿಸದೆ ಇದ್ದಿದ್ದರೆ.

‘ಇದು ಚಳಿಗಾಲದ ಹಬ್ಬದ್ದು ಅಂತ ಹೇಳು.’

‘ದಿಸ್ ಈಸ್ ಫೆಸ್ಟಿವಲ್. ವಿಂಟರ್ ಫೆಸ್ಟಿವಲ್’ ಎಂದೆ.

‘ನಮ್ಮೂರಾಗೆ ಆಗ ಹಿಮ ಬೀಳ್ತದೆ. ದೇವಸ್ಥಾನದ ಮುಂದಿನ ಬೈಲಾಗೆ ಅಂಗಡಿ ಇಡ್ತಾರೆ. ಜನ ನಿಂತ್ಕೊಂಡೇ ಕುಡೀತಾರೆ. ಎರಡೂ ಕೈಯಾಗೆ ಹಿಡ್ಕೋಬೇಕು, ಬಿಸಿ ಹೋಗಬಾರ್ದು.’

ಹಿಮಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಗೊತ್ತಿರಲಿಲ್ಲ. ‘ಐಸ್ ಈಸ್ ಫಾಲಿಂಗ್. ಪೀಪಲ್ ಆರ್ ಸ್ಟ್ಯಾಂಡಿಂಗ್. ಟೂ ಹ್ಯಾಂಡ್ಸ್’ ಎಂದು ನನ್ನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದೆ. ಇಂಗ್ಲೆಂಡಿನ ಹೆಂಗಸು ತಾನೂ ಹಾಗೇ ಹಿಡಿದುಕೊಂಡಳು. ಅವಳು ನಗಲಿಲ್ಲ. ಅದಕ್ಕಾಗಿ ಅವಳನ್ನು ನಾನು ಇಂದಿಗೂ ನೆನೆಯುತ್ತೇನೆ. ಅಜ್ಜಿ ಆ ಹೊತ್ತಿಗೆ ತನ್ನ ಲೋಟ ಖಾಲಿ ಮಾಡಿದ್ದಳು.

‘ನಮ್ಮ ಕಾಯಿಹಾಲು ಇದ್ದಂಗೇ ಐತೆ ಕಣೆ ಎಲ್ಗವ್ವ. ಎದೆ ಎಲ್ಲ ಬೆಚ್ಚಗಾತು. ಇನ್ನೊಂದೀಟು ಬುಡು.’

ಬಂದ ಯಜಮಾನನೂ ದೊಡ್ಡ ಗುಟುಕು ಕುಡಿದು, ಹುಬ್ಬೆತ್ತಿ, ಎಲ್ಗಮ್ಮನವರನ್ನು ನೋಡಿ ‘ವೈನ್?’ ಎಂದ. ಆ ಮಾತು ನನಗೆ ತಿಳಿಯಲಿಲ್ಲ. ಎಲ್ಗಮ್ಮನವರಿಗೆ ತಿಳಿಯಿತು. ‘ನೋ, ನೋ’ ಎಂದರು. ‘ಇದು ಬರೀ ಹಣ್ಣಿನ ರಸ, ಈ ಮನೇಲಿ ಹೆಂಡ ಮುಟ್ಟಲ್ಲ ಅಂತ ಹೇಳು ಮಗಾ’ ಎಂದರು. ನಾನು ‘ದಿಸ್ ಈಸ್ ಗ್ರೇಪ್ ವಾಟರ್. ಗುಡ್ ಹೌಸ್’ ಎಂದೆ. ಆತ ನಕ್ಕು, ಮತ್ತೆ ಅದೇ ಮಾತು ಹೇಳಿ, ಲೋಟವನ್ನು ಮೇಲಕ್ಕೆತ್ತಿ ತೋರಿಸಿದ. ಎಲ್ಗಮ್ಮನವರು ಮಾತಿನ ಭರದಲ್ಲಿ ಅಲ್ಲಿಯವರೆಗೆ ಕುಡಿದಿರಲಿಲ್ಲ. ಈಗ ಒಂದು ಗುಟುಕು ಕುಡಿದರು. ಅವರ ಮುಖದ ರಕ್ತವೆಲ್ಲ ಇಳಿದುಹೋಯಿತು.

ಅಷ್ಟರಲ್ಲಿ ಅಪ್ಪ ಮಾತಾಡಿದರು. ಜೋರಾಗಿ ಅಲ್ಲ.

‘ಕೂಸಿನ ಕೈಯಿಂದ ಲೋಟ ಇಸ್ಕೊಳ್ಳೇ.’

ನೀಲ ಆರಲೆಂದು ಊದುತ್ತ ಕೂತಿದ್ದಳು. ನಾನು ಕಿತ್ತುಕೊಂಡೆ. ಅವಳು ಅಳತೊಡಗಿದಳು.

‘ಹುಳಿ ಬಂದೈತೆ’ ಎಂದರು ಅಪ್ಪ. ‘ಅಟ್ಟದ ಕಾವಿಗೆ ಹೆಂಡ ಆಗೋಗೈತೆ. ಯಾರೂ ಕುಡೀಬ್ಯಾಡಿ.’

ತಮ್ಮ ಲೋಟವನ್ನು ನೆಲದ ಮೇಲಿಟ್ಟು ಮುಂದಕ್ಕೆ ತಳ್ಳಿದರು. ದೊಡ್ಡಪ್ಪ ತೊಡೆ ತಟ್ಟಿಕೊಂಡು ನಕ್ಕರು. ತಮ್ಮ ಲೋಟ ಅವರು ಆಗಲೇ ಬರಿದು ಮಾಡಿದ್ದರು.

‘ನಾವೆಲ್ಲ ಕುಡುದ್ರೂ ತಿಳೀಲಿಲ್ಲ, ನಿಂಗೆ ಹೆಂಗ್ಲಾ ತಿಳೀತು? ನಾಲಗೆ ಮರ್ತಿದ್ರೂ ಮೂಗು ಮರ್ತಿಲ್ಲ ಬುಡು.’

ಅಪ್ಪ ತಲೆ ತಗ್ಗಿಸಿದರು. ನಾನು ಅಮ್ಮನನ್ನು ನೋಡಿದೆ. ಅವಳ ಕಣ್ಣು ನೆಲದ ಮೇಲಿದ್ದ ಆ ಲೋಟದ ಮೇಲಿತ್ತು. ಅರ್ಧವೇ ಕೊಟ್ಟಿದ್ದರಿಂದ ಈಗಲೂ ಅರ್ಧದ ಹಾಗೇ ಕಾಣುತ್ತಿತ್ತು. ಒಂದು ಗುಟುಕು ಇಳಿದಿತ್ತೋ ಇಲ್ಲವೋ ಯಾರಿಗೂ ಹೇಳಲಾಗುತ್ತಿರಲಿಲ್ಲ. ಅಪ್ಪ ಅದನ್ನು ಬಾಯಿಯ ಹತ್ತಿರ ಒಯ್ದದ್ದನ್ನು ನಾನು ನೋಡಿದ್ದೆ. ತುಟಿಗೆ ತಾಗಿತೇ ಎನ್ನುವುದು ನನ್ನ ಕಡೆಯಿಂದ ಕಂಡಿರಲಿಲ್ಲ. ಅಮ್ಮ ಹತ್ತಿರ ಹೋಗಿ ಮೂಸಿ ನೋಡುವಂತೆಯೂ ಇರಲಿಲ್ಲ, ಇಡೀ ಪಡಸಾಲೆಗೆ ಈಗ ಅದೇ ವಾಸನೆ. ಇಷ್ಟು ದಿನದಲ್ಲಿ ಬಾಯಿ ಬಿಟ್ಟು ಕೇಳದೆ ಇದ್ದುದನ್ನು ಅವಳು ಅಂದು ಎಲ್ಲರ ಎದುರಿಗೆ ಕೇಳಿದಳು.

‘ಕುಡುದ್ರಾ?’

‘ಇಲ್ಲ’ ಎಂದರು ಅಪ್ಪ. ಅಷ್ಟೇ. ಆಣೆ ಗೀಣೆ ಏನೂ ಹಾಕಲಿಲ್ಲ.

ಒಳಗೆ, ಅಮ್ಮನ ಬೆನ್ನ ಹಿಂದೆ, ಆ ಟ್ರಂಕು ಇತ್ತು. ನನಗೆ ಅದನ್ನು ಬಿಟ್ಟು ಬೇರೇನೂ ತಲೆಗೆ ಬರುತ್ತಿರಲಿಲ್ಲ. ನಾಳೆ ನಾವು ತುರುವೇಕೆರೆ ಬಸ್ಸಿನಲ್ಲಿರುತ್ತೇವೆ, ನನ್ನ ಶಾಲೆ ಇಲ್ಲಿಗೆ ಮುಗಿಯಿತು, ಅಪ್ಪನಿಗೆ ಯಾರು ಮುದ್ದೆ ಮಾಡುತ್ತಾರೆ ಎಂದೆಲ್ಲ ಯೋಚಿಸುತ್ತ ನಿಂತಿದ್ದೆ. ಏನೂ ಅರಿಯದ ಆ ಇಂಗ್ಲೆಂಡಿನ ಹೆಂಗಸು ನನ್ನ ಮೊಣಕೈ ಮುಟ್ಟಿ ಮೆಲ್ಲಗೆ ಕೇಳಿದಳು, ಏನಾಯಿತು, ನಿಮ್ಮ ತಂದೆ ಯಾಕೆ ಕುಡಿಯಲಿಲ್ಲ ಎಂದು. ಅಷ್ಟು ನನಗೆ ಅರ್ಥವಾಯಿತು. ಅಪ್ಪನ ಕಡೆ ತಿರುಗಿದೆ.

‘ಏನಂತೆ?’ ಎಂದರು ಅಪ್ಪ.

ಹೇಳಿದೆ.

‘ಹೇಳು ಮತ್ತೆ. ನಾನು ಕುಡುಕ ಆಗಿದ್ದೆ ಅಂತ ಹೇಳು. ಅದ್ಕೇ ವಾಸ್ನೆ ತಿಳೀತು ಅಂತ ಹೇಳು. ಬುಟ್ಟಿದೀನಿ ಅಂದ್ರೆ ನಂಬ್ತಾರೋ ಇಲ್ವೋ, ಅದು ಬ್ಯಾಡ.’

ಮಗಳು ತನ್ನ ಅಪ್ಪನ ಬಗ್ಗೆ ಪರದೇಶದವರ ಮುಂದೆ ಅಂಥ ಮಾತು ಹೇಗೆ ಆಡುವುದು? ದೊಡ್ಡಪ್ಪ ಮತ್ತೇನೋ ಅನ್ನಲು ಗಂಟಲು ಸರಿಮಾಡಿಕೊಂಡರು. ಆಗ ಅಮ್ಮ ಬಾಗಿಲು ಬಿಟ್ಟು ಪಡಸಾಲೆಯೊಳಕ್ಕೆ ಬಂದಳು. ಹೊರಗಿನ ಗಂಡಸರು ಕೂತಿರುವಾಗ ಅವಳು ಹಾಗೆ ಬಂದವಳಲ್ಲ. ಸೆರಗು ಹೊದ್ದುಕೊಂಡು ನನ್ನ ಪಕ್ಕದಲ್ಲಿ ನಿಂತಳು. ಅವಳ ಮೈ ಹೊಗೆ ನಾರುತ್ತಿತ್ತು.

‘ಅದನ್ನೂ ಹೇಳವ್ವ. ಬುಟ್ಟವ್ರೆ ಅಂತ ಹೇಳು. ಅವರು ಹೇಳಿದ್ದಲ್ಲ, ನಾನು ಹೇಳಿದ್ದು ಅಂತ ಹೇಳು. ದಿನಾ ಸಂಜೆ ನೋಡೋಳು ನಾನು. ಒಂದಿನಾನೂ ಮುಟ್ಟಿಲ್ಲ. ಇವತ್ತೂ ಮುಟ್ಟಿಲ್ಲ.’

ಕೊನೆಯ ಮಾತು ಹೇಳುವಾಗ ಅವಳು ನೋಡುತ್ತಿದ್ದುದು ದೊಡ್ಡಪ್ಪನನ್ನು. ಅವರು ಟವೆಲು ಕೊಡವಿಕೊಂಡು ಎದ್ದು, ದನಕ್ಕೆ ಹುಲ್ಲು ಹಾಕಿಲ್ಲ ಎಂದು ಹೊರಟುಹೋದರು.

ನಾನು ಹೇಳಿದೆ. ಯಾವ ಪದ ಬಳಸಿದೆ ಎಂದು ಈಗ ನೆನಪಿಲ್ಲ, ತಪ್ಪೇ ಇದ್ದಿರಬೇಕು. ಅಪ್ಪ ಮೊದಲು, ಈಗ ಇಲ್ಲ, ಅಮ್ಮನಿಗೆ ಗೊತ್ತು, ಹೀಗೇನೋ. ನನ್ನ ಸ್ವಂತ ಮಾತು ಆಡುವುದು ನನಗೆ ಜೀವಮಾನವಿಡೀ ಕಷ್ಟವಾಯಿತು. ನಿಮ್ಮ ತಾತ ಇದ್ದಷ್ಟು ದಿನವೂ ‘ಅದೇನು ಅಂತ ಬಾಯಿ ಬಿಡಬಾರದಾ’ ಎಂದು ಅನ್ನುತ್ತಿದ್ದರು. ಆದರೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸಬೇಕಾದಾಗ, ಮಾತು ಬಿಟ್ಟ ಎರಡು ಮನೆಗಳನ್ನು ಮತ್ತೆ ಮಾತಾಡಿಸಬೇಕಾದಾಗ, ಊರಲ್ಲಿ ನನ್ನನ್ನೇ ಕರೆಯುತ್ತಿದ್ದರು. ಆ ಧೈರ್ಯ ನನಗೆ ಎಲ್ಲಿಂದ ಬಂತೆಂದು ನೀವು ಯಾವಾಗಲಾದರೂ ಕೇಳಿದರೆ ಇರಲಿ ಎಂದು ಇದನ್ನೆಲ್ಲ ಬರೆದೆ. ಆ ಹೆಂಗಸು ಕೇಳಿಸಿಕೊಂಡು ತನ್ನ ಲೋಟ ಕೆಳಗಿಟ್ಟಳು. ಗಂಡನ ಕೈಯಿಂದಲೂ ತೆಗೆದಿಟ್ಟಳು. ಎಲ್ಗಮ್ಮನವರು ಅಮ್ಮನ ಎರಡೂ ಕೈ ಹಿಡಿದುಕೊಂಡರು.

‘ತಪ್ಪಾತು ಗಿರಿಜಮ್ಮ. ನಾನು ಬೇಗ ಬರಬೇಕಿತ್ತು.’

‘ಅಲ್ಲಿ ಬಾಣಂತಿ ಬುಟ್ಟು ಹೆಂಗೆ ಬತ್ತೀರಿ? ಹೆಂಗೈತೆ ಮಗು?’

‘ಬದುಕಿಕೊಂತು.’

‘ಆತಲ್ಲ, ಬುಡಿ.’

ಉಳಿದದ್ದನ್ನೆಲ್ಲ ತಿಪ್ಪೆಗೆ ಸುರಿದು, ತಪ್ಪಲೆಯನ್ನು ಬೂದಿಯಲ್ಲಿ ತಿಕ್ಕಿ, ಬಂದವರಿಗೆ ಹಾಲು ಕಾಯಿಸಿ ಕೊಟ್ಟದ್ದೂ ಅಮ್ಮನೇ. ಅದರಿಂದ ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ಮಾರನೆಯ ಸಂಜೆಯೂ ಅವಳು ಕೆಲಸ ಬಿಟ್ಟು ಜಗಲಿಗೆ ಹೋದಳು, ಅದರ ಮಾರನೆಯ ಸಂಜೆಯೂ ಹೋದಳು. ನಂಬಿಕೆ ಅನ್ನುವುದನ್ನು ಒಮ್ಮೆ ಎಲ್ಲರೆದುರು ಹೇಳಿಬಿಟ್ಟರೆ ಮುಗಿಯುವುದಿಲ್ಲ, ಅದೂ ಒಂದು ದಿನನಿತ್ಯದ ಕೆಲಸ. ಆದರೆ ಅವತ್ತು ಜೀಪು ಹೋಗಿ, ಎಲ್ಗಮ್ಮನವರು ತಮ್ಮ ಕೋಣೆ ಸೇರಿದ ಮೇಲೆ, ಅಮ್ಮ ನಡುಮನೆಯ ಕಂಬಕ್ಕೆ ಒರಗಿ ಸುಮ್ಮನೆ ಕಾಲು ಚಾಚಿದಳು. ಮುದ್ದೆಗೆ ಹಿಟ್ಟು ಅಳೆದಿಟ್ಟ ಪಾತ್ರೆ ಪಕ್ಕದಲ್ಲೇ ಇತ್ತು. ನೋಡನೋಡುತ್ತಿದ್ದಂತೆ ಅವಳ ಬಾಯಿ ಸ್ವಲ್ಪ ತೆರೆಯಿತು, ತಲೆ ಒಂದು ಕಡೆ ವಾಲಿತು. ದೀಪ ಹಚ್ಚಿದ ಹೊತ್ತಿನಲ್ಲಿ ಅಮ್ಮ ನಿದ್ದೆ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಜ್ಜಿ ಇನ್ನೂ ಬೆಚ್ಚಗಿದ್ದಳು, ಅವಳ ಕೆನ್ನೆ ಕೆಂಪಗಿತ್ತು.

‘ಎಬ್ಬಿಸ್ಲಾ ಅವಳ್ನ. ಹೊತ್ತಾತು, ಮುದ್ದೆ ತಿರುವೋರು ಯಾರು?’

‘ಮಲಗ್ಲಿ ಬುಡವ್ವ’ ಎಂದರು ಅಪ್ಪ. ‘ಇವತ್ತೊಂದಿನ ನಾನು ಎದ್ದಿರ್ತೀನಿ.’

ಹಿಟ್ಟಿನ ಪಾತ್ರೆಯನ್ನು ಸದ್ದಾಗದಂತೆ ಎತ್ತಿಕೊಂಡು, ಅಡುಗೆ ಕೋಣೆಗೆ ಹೋಗಿ, ಎಸರಿಟ್ಟರು.